ಪಾಸ್ ಇದೆ, ಜಾಗ ಎಲ್ಲಿ?

ನಿಪ್ಪಾಣಿಯ ನಮ್ಮ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಯುರೋಪ್ ಸುತ್ತಬೇಕೆಂದು ಅವನು ಉಳಿತಾಯದ ಹಣದಲ್ಲಿ ಇಂಟರ್‌ರೇಲ್ ಪಾಸ್ ಕೊಂಡ. ಒಂದು ರಾತ್ರಿ ಫೋನ್ ಮಾಡಿದಾಗ ಅವನ ದನಿಯಲ್ಲಿ ಸಂಭ್ರಮಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. "ಮಾಮು, 33 ದೇಶದಾಗ ಈ ಪಾಸ್ ನಡೀತದ ಅಂತಾರ. ಪ್ಯಾರಿಸ್ ಗಾಡಿ ಹತ್ತಾಕ ಹೋದ್ರ ಸೀಟಿಗೆ ಬ್ಯಾರೆ ರೊಕ್ಕ ಕೊಡು ಅಂತಾರ. ಹಂಗಾದ್ರ ಈ ಪಾಸ್ ಯಾತಕ್ಕ?" ಮಾತು ನಡೆದದ್ದು ಮನೆಯ ಉರ್ದುವಿನಲ್ಲಿ, ಇಲ್ಲಿ ನಮ್ಮ ಭಾಗದ ಕನ್ನಡದಲ್ಲಿ ಬರೆದಿದ್ದೇವೆ.

ನಾವು ಉತ್ತರ ಹುಡುಕುತ್ತಿರುವಾಗ ಪಕ್ಕದಲ್ಲಿ ಕೂತಿದ್ದ ನಮ್ಮ ಅಮ್ಮಿ ನಕ್ಕುಬಿಟ್ಟರು. "ನಿನ್ನ ನಾನಾನೂ ಪಾಸ್ ಇಟ್ಕೊಂಡೇ ಹೋಗ್ತಿದ್ರು ಬೇಟಾ. ಕುಡಚಿಯಿಂದ ಮಿರಜ್ ತನಕ ನಿಂತಕೊಂಡೇ ಹೋಗ್ತಿದ್ರು. ಪಾಸ್ ಅಂದ್ರ ಹೋಗಾಕ ಅಪ್ಪಣೆ. ಕೂಡಾಕ ಅಲ್ಲ" ಅಂದರು. ರೈಲ್ವೆ ಇಲಾಖೆಯ ನಿಯಮ ಪುಸ್ತಕ ಹತ್ತಾರು ಪುಟಗಳಲ್ಲಿ ಹೇಳುವುದನ್ನು ಅಮ್ಮಿ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಆ ಮಾತಿನ ಹಿಂದೆ ನಮ್ಮ ಗಡಿಭಾಗದ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸ ಪ್ಯಾರಿಸ್ಸಿಗೆ ಹೊರಟ ಹುಡುಗನಿಗೂ ಉಪಯೋಗಕ್ಕೆ ಬರುವಂಥದ್ದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಬೆಳಗಾವಿ ಜಿಲ್ಲೆಯ ಈ ಐದು ತಾಲೂಕುಗಳಿಗೆ ರೈಲು ಎಂದರೆ ಮಿರಜ್-ಬೆಳಗಾವಿ ಮಾರ್ಗವೊಂದೇ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಪುಣೆ, ಮಿರಜ್, ಬೆಳಗಾವಿ, ಲೋಂಡಾಗಳನ್ನು ಮೀಟರ್ ಗೇಜ್ ಹಳಿಯಿಂದ ಜೋಡಿಸಿತು. ಮಿರಜ್‌ನಿಂದ ಕೊಲ್ಹಾಪುರದ ಕವಲು ಮಾರ್ಗ 1891ರಲ್ಲಿ ತೆರೆಯಿತು. ಮಿರಜ್ ಬಿಟ್ಟ ಗಾಡಿ ಶೇಡಬಾಳ, ಉಗಾರ ಖುರ್ದ ದಾಟಿ, ಕೃಷ್ಣೆಯ ಸೇತುವೆ ಹಾದು ಕುಡಚಿಗೆ ಬರುತ್ತದೆ. ಮುಂದೆ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ.

ಆದರೆ ಈ ಹಳಿ ನಮ್ಮ ದೊಡ್ಡ ಊರುಗಳನ್ನು ಮುಟ್ಟಲಿಲ್ಲ. ಅಥಣಿಗೆ ರೈಲಿಲ್ಲ, ನಿಪ್ಪಾಣಿಗೂ ಇಲ್ಲ. ಸ್ಟೇಷನ್ ಹೆಸರಿನ ಜೊತೆ 'ರೋಡ್' ಎಂದಿದ್ದರೆ ಊರು ಇನ್ನೂ ದೂರವಿದೆ ಎಂದೇ ಅರ್ಥ. ಚಿಕ್ಕೋಡಿ ರೋಡ್‌ನಲ್ಲಿ ಇಳಿದವನು ಚಿಕ್ಕೋಡಿಗೆ ಮತ್ತೊಂದು ವಾಹನ ಹಿಡಿಯಬೇಕು. ಹೀಗಾಗಿ ನಮ್ಮ ಜನರಿಗೆ ರೈಲು ಮನೆಬಾಗಿಲ ಸೌಕರ್ಯವಾಗಿರಲಿಲ್ಲ. ಬುತ್ತಿ ಕಟ್ಟಿಕೊಂಡು, ಬಸ್ಸೋ ಚಕ್ಕಡಿಯೋ ಹಿಡಿದು, ಸ್ಟೇಷನ್ನಿಗೆ ಬಂದು ಕಾಯುವುದು ಪ್ರಯಾಣದ ಅರ್ಧ ಭಾಗವಾಗಿತ್ತು. ಅಷ್ಟು ಕಷ್ಟಪಟ್ಟು ಬಂದವನು ಗಾಡಿಯಲ್ಲಿ ಜಾಗವಿಲ್ಲ ಎಂದು ಹಿಂದಿರುಗುವ ಪ್ರಶ್ನೆಯೇ ಇರಲಿಲ್ಲ. ನಿಂತಾದರೂ ಹೋಗಲೇಬೇಕು.

ಬ್ರಿಟಿಷರ ಕಾಲದ ರೈಲಿನಲ್ಲಿ ಒಂದನೆಯ, ಎರಡನೆಯ, ಇಂಟರ್ ಮತ್ತು ಮೂರನೆಯ ದರ್ಜೆಗಳಿದ್ದವು. ರೈಲ್ವೆಗೆ ಪ್ರಯಾಣಿಕರಿಂದ ಬರುತ್ತಿದ್ದ ಆದಾಯದ ಬಹುಪಾಲು ಮೂರನೆಯ ದರ್ಜೆಯವರದು. ಸೌಕರ್ಯದ ಬಹುಪಾಲು ಉಳಿದವರದು. 1917ರಲ್ಲಿ ಗಾಂಧೀಜಿ ಮೂರನೆಯ ದರ್ಜೆಯ ಪಯಣದ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಮುಂಬೈಯಿಂದ ಮದ್ರಾಸಿಗೆ ಅವರು ಕೊಟ್ಟ ದರ 13 ರೂಪಾಯಿ 9 ಆಣೆ. ಡಬ್ಬಿಯ ಮೇಲೆ 22 ಜನರಿಗೆ ಎಂದು ಬರೆದಿತ್ತು. ದಾರಿಯುದ್ದಕ್ಕೂ ಜನ ತುಂಬುತ್ತ ಬಂದು, ನಮ್ಮ ರಾಯಚೂರು ಸ್ಟೇಷನ್ ಬರುವ ಹೊತ್ತಿಗೆ ಆ ಒತ್ತಡ ಸಹಿಸಲಾರದಷ್ಟಾಯಿತೆಂದು ಅವರು ದಾಖಲಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಡಬ್ಬಿಯ ಮೇಲೆ 22 ಎಂದು ಬರೆದ ಕಂಪನಿಯೇ 22ಕ್ಕಿಂತ ಹೆಚ್ಚು ಟಿಕೆಟ್ ಮಾರುತ್ತಿತ್ತು. ಅಂದರೆ ಟಿಕೆಟ್ ಮಾರುವಾಗ ಅದು ಜಾಗ ಮಾರುತ್ತಿರಲಿಲ್ಲ. ಹೋಗುವ ಹಕ್ಕನ್ನಷ್ಟೇ ಮಾರುತ್ತಿತ್ತು. ಈ ಎರಡೂ ಬೇರೆ ಬೇರೆ ಸರಕುಗಳು ಎಂಬ ಸತ್ಯ ಬಡವನಿಗೆ ಅಂದೇ ತಿಳಿದಿತ್ತು. ಆದ್ದರಿಂದಲೇ ಅವನು ತನ್ನದೇ ರಿಸರ್ವೇಶನ್ ಪದ್ಧತಿಯನ್ನು ಕಂಡುಕೊಂಡ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆಯುವುದು. ಟವೆಲ್ ಬಿದ್ದ ಜಾಗ ಅವನದು. ಇದಕ್ಕೆ ರಸೀದಿಯಿಲ್ಲ, ಶುಲ್ಕವೂ ಇಲ್ಲ. ಆದರೂ ಬಹಳ ಸಲ ಇದಕ್ಕೆ ಮರ್ಯಾದೆ ಇರುತ್ತಿತ್ತು.

ಸ್ವಾತಂತ್ರ್ಯದ ನಂತರ ದರ್ಜೆಗಳ ಏಣಿ ಸ್ವಲ್ಪ ಗಿಡ್ಡವಾಯಿತು. 1955ರಲ್ಲಿ ಹಳೆಯ ಒಂದನೆಯ ದರ್ಜೆ ರದ್ದಾಗಿ, ಎರಡನೆಯದು ಒಂದನೆಯದೆಂದೂ ಇಂಟರ್ ಎಂಬುದು ಎರಡನೆಯದೆಂದೂ ಹೆಸರು ಪಡೆದವು. ಮೂರನೆಯದು ಮೂರನೆಯದಾಗಿಯೇ ಉಳಿಯಿತು. 1974ರಲ್ಲಿ ಅದೂ ಹೋಗಿ 'ಎರಡನೆಯ ದರ್ಜೆ' ಎಂಬ ಹೆಸರು ಬಂತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಆ ದರ್ಜೆಯ ಮಲಗುವ ಹಲಗೆಗಳಿಗೆ ಮೆತ್ತೆ ಹಾಕಿಸಿದರು. ಬಡವನ ಬೆನ್ನಿಗೂ ನೋವಾಗುತ್ತದೆ ಎಂದು ಸರಕಾರ ಒಪ್ಪಿಕೊಂಡ ದಿನಗಳವು. ಆದರೆ ಮೆತ್ತೆ ಸಿಕ್ಕಿದ್ದು ರಿಸರ್ವ್ ಮಾಡಿಸಿದವರಿಗೆ. ಜನರಲ್ ಡಬ್ಬಿಯವರಿಗೆ ಟವೆಲ್ಲೇ ಗತಿ.

ನಾವು ಚಿಕ್ಕವರಿದ್ದಾಗ ಪುಣೆಯಿಂದ ಮಿರಜ್‌ವರೆಗೆ ಬ್ರಾಡ್ ಗೇಜ್ ಬಂದು ವರ್ಷಗಳಾಗಿದ್ದವು. ಅದು ಬಂದದ್ದು 1971ರಲ್ಲಿ. ಮಿರಜ್‌ನಿಂದ ನಮ್ಮ ಕಡೆಗೆ ಇನ್ನೂ ಮೀಟರ್ ಗೇಜ್. ಇಲ್ಲಿ ಹಳಿ ಅಗಲವಾಗಿದ್ದು 1990ರ ದಶಕದಲ್ಲಿ. ಅಲ್ಲಿಯತನಕ ಮುಂಬೈ ಕಡೆಯಿಂದ ಬಂದವರು ಮಿರಜ್‌ನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಚಿಕ್ಕ ಗಾಡಿಗೆ ಓಡಬೇಕಿತ್ತು. ನಮ್ಮ ಅಬ್ಬಾ ಮಿರಜ್‌ನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಅವರ ಜೇಬಿನಲ್ಲಿ ತಿಂಗಳ ಪಾಸು, ಚೀಲದಲ್ಲಿ ಜೋಳದ ರೊಟ್ಟಿ. ಅದೇ ಗಾಡಿಯಲ್ಲಿ 1939ರಲ್ಲಿ ಆರಂಭವಾದ ಉಗಾರ ಸಕ್ಕರೆ ಕಾರ್ಖಾನೆಯ ಕೆಲಸಗಾರರು, ಮಿರಜ್‌ನ ಮಿಶನ್ ಆಸ್ಪತ್ರೆಗೆ ಹೊರಟ ರೋಗಿಗಳು, ಅಥಣಿ ಕಡೆಯಿಂದ ಚಪ್ಪಲಿಯ ಗಂಟು ಹೊತ್ತು ಬಂದವರು. ಚಿಂಚಲಿ ಮಾಯಕ್ಕನ ಜಾತ್ರೆಯ ದಿನಗಳಲ್ಲಂತೂ ಕಾಲಿಡಲು ಜಾಗವಿಲ್ಲ. ಯಾರ ಜಾತಿ ಯಾವುದು, ಯಾರು ಯಾವ ರಾಜ್ಯದವರು ಎಂದು ಕೇಳುವಷ್ಟು ತೆರಪೂ ಆ ಡಬ್ಬಿಯಲ್ಲಿರಲಿಲ್ಲ. ಮೂರು ಜನರ ಹಲಗೆಯ ಮೇಲೆ "ಸ್ವಲ್ಪ ಸರೀರಿ" ಎಂದರೆ ನಾಲ್ಕನೆಯವನಿಗೆ ಜಾಗವಾಗುತ್ತಿತ್ತು.

ಸೀಸನ್ ಟಿಕೆಟ್ ಎಂಬ ಈ ಪಾಸಿನ ನಿಯಮ ಇಂದಿಗೂ ಸರಳ. ಗರಿಷ್ಠ 150 ಕಿ.ಮೀ. ದೂರದವರೆಗೆ ಸಿಗುತ್ತದೆ, ಮಿರಜ್-ಬೆಳಗಾವಿ ಮಾರ್ಗವಿಡೀ ಇದರೊಳಗೆ ಬರುತ್ತದೆ. ಆದರೆ ಪಾಸಿನವರು ರಿಸರ್ವ್ ಡಬ್ಬಿ ಹತ್ತುವಂತಿಲ್ಲ. 2009ರಲ್ಲಿ ಮಮತಾ ಬ್ಯಾನರ್ಜಿ ರೈಲ್ವೆ ಮಂತ್ರಿಯಾಗಿದ್ದಾಗ ತಿಂಗಳಿಗೆ 1500 ರೂಪಾಯಿಯೊಳಗಿನ ಆದಾಯದವರಿಗೆ 25 ರೂಪಾಯಿಗೆ 100 ಕಿ.ಮೀ.ವರೆಗಿನ ಪಾಸು ತಂದರು. ಅದಕ್ಕೆ ಇಟ್ಟ ಹೆಸರು 'ಇಜ್ಜತ್'. ಇಜ್ಜತ್ ಎಂದರೆ ಮಾನ, ಮರ್ಯಾದೆ. ಪಾಸಿಗೆ ಇಷ್ಟು ಅರ್ಥಪೂರ್ಣ ಹೆಸರು ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು. ಟಿಕೆಟ್ ಇಲ್ಲದೆ ಕದ್ದು ಹೋಗುವವನು ಟಿ.ಸಿ. ಎದುರು ತಲೆ ತಗ್ಗಿಸಬೇಕು. 25 ರೂಪಾಯಿಯ ಪಾಸು ಇದ್ದವನು ನಿಂತೇ ಹೋದರೂ ತಲೆ ಎತ್ತಿ ನಿಲ್ಲಬಲ್ಲ.

ಇನ್ನು ಸೀಟಿನ ಬೆಲೆ. 1980ರ ದಶಕದ ನಡುವೆ ದಿಲ್ಲಿಯಲ್ಲಿ ಆರಂಭವಾದ ಕಂಪ್ಯೂಟರ್ ರಿಸರ್ವೇಶನ್ ನಿಧಾನವಾಗಿ ದೇಶಕ್ಕೆಲ್ಲ ಹಬ್ಬಿತು. 2002ರಲ್ಲಿ ಇಂಟರ್ನೆಟ್ ಮೂಲಕವೂ ಟಿಕೆಟ್ ಬಂತು. 2013ರಲ್ಲಿ ಪರಿಷ್ಕರಿಸಿದ ದರದಂತೆ ರಿಸರ್ವೇಶನ್ ಶುಲ್ಕ ಕೂರುವ ಎರಡನೆಯ ದರ್ಜೆಗೆ 15 ರೂಪಾಯಿ, ಸ್ಲೀಪರಿಗೆ 20 ರೂಪಾಯಿ. ಎರಡೂ ದಿಕ್ಕಿನಲ್ಲಿ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಇರುವ ಗಾಡಿ ಸೂಪರ್‌ಫಾಸ್ಟ್ ಎನಿಸಿಕೊಳ್ಳುತ್ತದೆ. ಅದಕ್ಕೆ ಬೇರೆ ಹಣ. ಟಿಕೆಟ್ ರದ್ದು ಮಾಡಿಸಿದರೆ ರಿಸರ್ವೇಶನ್ ಶುಲ್ಕ ಹಿಂದಿರುಗುವುದಿಲ್ಲ. ಹಗಲಿನ ಮೂರು ನಾಲ್ಕು ಗಂಟೆಯ ದಾರಿಗೆ ಜನರಲ್ ಟಿಕೆಟ್ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಜಿಪುಣತನದಿಂದಲ್ಲ. ಎಲ್ಲಿ ಸೀಟು ಬೇಕು, ಎಲ್ಲಿ ಬೇಡ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಇದೇ ಲೆಕ್ಕ ನಮ್ಮ ಹುಡುಗನಿಗೂ ಬೇಕಾಗಿತ್ತು.

ಯುರೋಪಿನ ರೈಲಿನ ಕಥೆ ನಮ್ಮ ಕಥೆಯಿಂದ ತೀರ ದೂರದ್ದಲ್ಲ. ಅಲ್ಲೂ ಮೂರನೆಯ ದರ್ಜೆ ಇತ್ತು. 1956ರಲ್ಲಿ ಬಹುತೇಕ ದೇಶಗಳು ಒಟ್ಟಿಗೆ ಅದನ್ನು ಕೈಬಿಟ್ಟವು. 1959ರಲ್ಲಿ ಹೊರಗಿನ ಪ್ರವಾಸಿಗರಿಗಾಗಿ ಯೂರೇಲ್ ಪಾಸ್ ಬಂತು. ಮೊದಲಿಗೆ ಅದು ಒಂದನೆಯ ದರ್ಜೆಗೆ ಮಾತ್ರ. 1972ರಲ್ಲಿ ಅಲ್ಲಿಯೇ ವಾಸಿಸುವ 21 ವರ್ಷದೊಳಗಿನವರಿಗಾಗಿ ಇಂಟರ್‌ರೇಲ್ ಬಂತು. ಬೆನ್ನಿಗೆ ಚೀಲ ಹಾಕಿಕೊಂಡು ಕಂಡ ಗಾಡಿ ಹತ್ತುವುದು ಒಂದು ಪೀಳಿಗೆಯ ಹವ್ಯಾಸವಾಯಿತು. ಪಾಸಿನ ನಿಜವಾದ ರುಚಿ ಇದ್ದದ್ದು ಅಲ್ಲೇ - ಮೊದಲೇ ನಿಶ್ಚಯಿಸಬೇಕಾಗಿಲ್ಲ, ಮನಸ್ಸು ಬಂದ ಕಡೆ ಇಳಿಯಬಹುದು.

1981ರಲ್ಲಿ ಫ್ರಾನ್ಸ್ ಪ್ಯಾರಿಸ್-ಲಿಯಾನ್ ನಡುವೆ ಟಿಜಿವಿ ಎಂಬ ಅತಿವೇಗದ ರೈಲು ಬಿಟ್ಟಿತು. ಅದರಲ್ಲಿ ಪ್ರತಿಯೊಬ್ಬನಿಗೂ ಸೀಟು ಕಾಯ್ದಿರಿಸಿರಲೇಬೇಕು. 1992ರಲ್ಲಿ ಸ್ಪೇನ್, 1994ರಲ್ಲಿ ಇಂಗ್ಲೆಂಡಿಗೆ ಹೋಗುವ ಯೂರೋಸ್ಟಾರ್ ಇದೇ ದಾರಿ ಹಿಡಿದವು. ಇಟಲಿಯ ವೇಗದ ರೈಲುಗಳಲ್ಲೂ ಈಗ ಇದೇ ನಿಯಮ. ಪಾಸ್ ಇದ್ದರೂ ಫ್ರಾನ್ಸಿನೊಳಗಿನ ಟಿಜಿವಿಗೆ 10ರಿಂದ 20 ಯೂರೋ ಸೀಟು ಶುಲ್ಕ ಬೀಳುತ್ತದೆ. 20 ಯೂರೋ ಎಂದರೆ ನಮ್ಮ ಎರಡು ಸಾವಿರ ರೂಪಾಯಿ. ಯೂರೋಸ್ಟಾರಿಗೆ ಇನ್ನೂ ಹೆಚ್ಚು. ಸಾಲದ್ದಕ್ಕೆ ಪಾಸಿನವರಿಗೆಂದು ಕೊಡುವ ಸೀಟುಗಳೂ ಕೆಲವೇ. ದಿನಕ್ಕೆ ಎರಡು ಗಾಡಿ ಬದಲಿಸಿದರೆ ಪಾಸಿನ ಲಾಭ ಅರ್ಧ ಕರಗಿದಂತೆ. ಹುಡುಗನ ಸಿಟ್ಟಿಗೆ ಕಾರಣವಿತ್ತು.

ಆದರೆ ದಾರಿಯೂ ಇತ್ತು. ಮರುದಿನ ಅವನೂ ನಾವೂ ಫೋನಿನಲ್ಲೇ ನಕಾಶೆ ಬಿಡಿಸಿ ಕೂತೆವು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳ ಒಳಗೆ ವೇಗದ ಗಾಡಿಗಳಲ್ಲೂ ಸಾಮಾನ್ಯವಾಗಿ ಸೀಟು ಕಾಯ್ದಿರಿಸುವುದು ಕಡ್ಡಾಯವಲ್ಲ. ಖಾಲಿ ಜಾಗ ನೋಡಿ ಕೂರಬಹುದು. ಫ್ರಾನ್ಸ್, ಇಟಲಿಗಳಲ್ಲಿ ನಮ್ಮ ಪ್ಯಾಸೆಂಜರ್ ಗಾಡಿಯಂಥ ಪ್ರಾದೇಶಿಕ ರೈಲುಗಳಿವೆ. ಪಾಸ್ ತೋರಿಸಿದರೆ ಸಾಕು, ಸೀಟು ಶುಲ್ಕವಿಲ್ಲ. ಸ್ಟ್ರಾಸ್‌ಬರ್ಗ್‌ನಿಂದ ಪ್ಯಾರಿಸ್ಸಿಗೆ ಟಿಜಿವಿ ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ, ಪ್ರಾದೇಶಿಕ ರೈಲಿಗೆ ಐದು ಗಂಟೆ ಬೇಕು. ಮಿಲಾನ್‌ನಿಂದ ವೆನಿಸ್‌ಗೆ ವೆರೋನಾದಲ್ಲಿ ಗಾಡಿ ಬದಲಿಸಿ ಹೀಗೆಯೇ ಹೋಗಬಹುದು. ಉಳಿಯುವುದು ಹಣ, ಹೋಗುವುದು ಸಮಯ. ಯಾವುದು ನಮ್ಮ ಹತ್ತಿರ ಹೆಚ್ಚಿದೆ ಎಂದು ನೋಡಿಕೊಳ್ಳಬೇಕು, ಅಷ್ಟೆ.

ಇನ್ನೊಂದು ಲೆಕ್ಕವೂ ಇದೆ. ಇಂಟರ್‌ರೇಲ್ ಪಾಸಿನಲ್ಲಿ ತಾನು ವಾಸಿಸುವ ದೇಶದೊಳಗೆ ಹೊರಗೆ ಹೋಗಲು ಒಂದು, ಮರಳಲು ಒಂದು ಪ್ರಯಾಣಕ್ಕೆ ಮಾತ್ರ ಅವಕಾಶ. ಹುಡುಗನ ಬಳಿ ಜರ್ಮನಿಯ ತಿಂಗಳ ಪಾಸು ಮೊದಲೇ ಇತ್ತು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಆ ಪಾಸಿನ ಬೆಲೆ ಆಮೇಲೆ ಏರಿದೆ. ದೇಶದ ಎಲ್ಲ ಪ್ರಾದೇಶಿಕ ರೈಲುಗಳಲ್ಲೂ ಅದು ನಡೆಯುತ್ತದೆ, ವೇಗದ ರೈಲಿನಲ್ಲಿ ನಡೆಯದು. ನಮ್ಮ ಸೀಸನ್ ಟಿಕೆಟ್‌ನ ದೊಡ್ಡಣ್ಣ ಎನ್ನಬಹುದು. ಅವನು ಅದರಲ್ಲೇ ಗಡಿಯ ಕೆಹ್ಲ್ ಊರಿನವರೆಗೆ ಹೋದ. ಅಲ್ಲಿಂದ ರೈನ್ ನದಿಯ ಸೇತುವೆ ದಾಟಿದರೆ ಸ್ಟ್ರಾಸ್‌ಬರ್ಗ್. ಇಂಟರ್‌ರೇಲ್ ಪಾಸಿನ ದಿನವನ್ನು ಅಲ್ಲಿಂದ ಶುರುಮಾಡಿದ. ರಾತ್ರಿ ಗಾಡಿಯಲ್ಲಿ ಮಾತ್ರ ಮಲಗಲು ಹಣ ಕೊಟ್ಟ. ಅಂದು ಹೋಟೆಲ್ ಬಾಡಿಗೆ ಉಳಿಯಿತು. ಹಾದಿಯಲ್ಲಿ ಗಾಡಿ ಬದಲಿಸದಿದ್ದರೆ ರಾತ್ರಿ ಪ್ರಯಾಣಕ್ಕೆ ಪಾಸಿನ ಒಂದೇ ದಿನ ಖರ್ಚಾಗುತ್ತದೆ, ಹತ್ತಿದ ದಿನದ್ದು.

ಪ್ಯಾರಿಸ್ ಮುಟ್ಟಿ ಫೋನ್ ಮಾಡಿದಾಗ ಅವನ ದನಿ ಬದಲಾಗಿತ್ತು. "ಮಾಮು, ಈ ಗಾಡಿ ಖರೇನ ನಮ್ಮ ಮಿರಜ್ ಪ್ಯಾಸೆಂಜರ್ ಇದ್ಹಂಗ ಅದ. ಸಾಲಿ ಹುಡುಗ್ರು, ಮುದುಕ್ರು, ಸಂತಿ ಚೀಲ ಹಿಡಕೊಂಡಾವ್ರು, ಎಲ್ಲಾರೂ ಇದ್ರು." ರೈನ್ ದಾಟುವಾಗ ಅವನಿಗೆ ಕೃಷ್ಣಾ ಸೇತುವೆ ನೆನಪಾಯಿತಂತೆ. ಅಲ್ಲಿ ಎರಡು ದೇಶ, ನಮ್ಮ ಮಿರಜ್ ಮಾರ್ಗದಲ್ಲಿ ಎರಡು ರಾಜ್ಯ. ನಿಧಾನದ ಗಾಡಿಗೆ ಗಡಿಯ ಗೊಡವೆಯಿಲ್ಲ. ಮಿಲಾನ್‌ಗೂ ಹೋಗುವ ಆಸೆ ಅವನದು. ನಾವು ತಮಾಷೆಗೆ ಹೇಳಿದೆವು: 2025ರ ಜೂನ್‌ನಲ್ಲಿ ಅಲ್ಲಿನ ಪ್ರಾಡಾ ಕಂಪನಿಯ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥ ಚಪ್ಪಲಿ ಹೆಸರು ಹೇಳಿಕೊಳ್ಳದೆ ಕಾಣಿಸಿಕೊಂಡಿತ್ತು. ಅಥಣಿ, ನಿಪ್ಪಾಣಿಯ ಕೈಗಳ ಕಸುಬು ನಿನಗಿಂತ ಮುಂಚೆ, ರಿಸರ್ವೇಶನ್ ಇಲ್ಲದೆಯೇ ಮಿಲಾನ್ ಮುಟ್ಟಿದೆ!

ನಮ್ಮ ದೇಶದಲ್ಲೂ ಯೂರೇಲ್‌ನಂಥ ಪಾಸು ಒಂದಿತ್ತು. ವಿದೇಶಿ ಪ್ರವಾಸಿಗರಿಗೆ ಮತ್ತು ಅನಿವಾಸಿ ಭಾರತೀಯರಿಗೆ ಇದ್ದ ಅದರ ಹೆಸರು ಇಂಡ್ರೇಲ್. ಈಗ ಅದು ನಿಂತುಹೋಗಿದೆ. ಅದರ ವಿಶೇಷವೆಂದರೆ ರಿಸರ್ವೇಶನ್ ಶುಲ್ಕವೂ ಇಲ್ಲ, ಸೂಪರ್‌ಫಾಸ್ಟ್ ಶುಲ್ಕವೂ ಇಲ್ಲ. ಪಾಸಿನವನಿಂದ ಸೀಟಿನ ಹಣ ಕೇಳಬಾರದು ಎಂಬ ಸೌಜನ್ಯ ಯುರೋಪಿನವರಿಗಿಂತ ನಮ್ಮವರಿಗೆ ಹೆಚ್ಚಿತ್ತು. ಆದರೆ ಆ ಸೌಜನ್ಯ ಅತಿಥಿಗೆ ಮಾತ್ರ, ಮನೆಯವನಿಗೆ ಇರಲಿಲ್ಲ. ಮನೆಯವನಿಗೆ ಇರುವುದು ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಊರಿಗೇ ಮರಳುವ ಸುತ್ತು ಪ್ರವಾಸಕ್ಕೆ ಎಂಟು ನಿಲುಗಡೆಗಳವರೆಗೆ ಒಂದೇ ಟಿಕೆಟ್. ದೂರ ಹೆಚ್ಚಿದಂತೆ ದರ ಅಗ್ಗ. ಆದರೆ ಪ್ರತಿ ಹಂತದ ರಿಸರ್ವೇಶನ್ ಬೇರೆ ಮಾಡಿಸಬೇಕು. ಅಮ್ಮಿಯ ಮಾತೇ ಅಲ್ಲೂ ನಿಜ.

ಇಲ್ಲಿಯವರೆಗೆ ಹೇಳಿದ್ದು ಹಣ ಉಳಿಸುವ ಮಾತು. ಆದರೆ ಉಳಿಸುವ ಆಯ್ಕೆಯೇ ಇಲ್ಲದಾಗ ಏನಾಗುತ್ತದೆ? ಅದನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ರೈಲುಗಳು ನಿಂತವು. ಮತ್ತೆ ಆರಂಭವಾದಾಗ ಓಡಿದ್ದು 'ವಿಶೇಷ' ರೈಲುಗಳು. ದೂರದ ಗಾಡಿಗಳ ಜನರಲ್ ಡಬ್ಬಿಗೂ ರಿಸರ್ವೇಶನ್ ಕಡ್ಡಾಯವಾಯಿತು. ಸೋಂಕಿನ ಕಾಲದಲ್ಲಿ ಆ ನಿಯಮಕ್ಕೆ ಅರ್ಥವಿತ್ತು. ಆದರೆ ಬಸ್ಸು, ಮಾರುಕಟ್ಟೆ, ಮದುವೆ ಎಲ್ಲವೂ ತುಂಬತೊಡಗಿದ ಮೇಲೂ ಅದು ಮುಂದುವರಿಯಿತು. 2022ರಲ್ಲಷ್ಟೇ ಜನರಲ್ ಟಿಕೆಟ್ ಹಂತಹಂತವಾಗಿ ಮರಳಿತು. ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ದರದಲ್ಲಿ ಓಡುತ್ತ ಕನಿಷ್ಠ ದರ 10ರಿಂದ 30 ರೂಪಾಯಿಗೆ ಏರಿತ್ತು. ಅದು 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ.

ಆ ದಿನಗಳಲ್ಲಿ ನಮ್ಮ ಖಾಲಾ ತಿಂಗಳಿಗೊಮ್ಮೆ ಮಿರಜ್‌ಗೆ ಔಷಧಕ್ಕೆ ಹೋಗಬೇಕಿತ್ತು. ಅವರಿಗೆ ಮೊಬೈಲಿನಲ್ಲಿ ಟಿಕೆಟ್ ತೆಗೆಯಲು ಬರುವುದಿಲ್ಲ. ನಾಲ್ಕು ದಿನ ಮೊದಲೇ "ಇಂಥ ಗಾಡಿಗೆ ಬರುತ್ತೇನೆ" ಎಂದು ಹೇಳಲು ರೋಗಿಗೆ ಸಾಧ್ಯವೂ ಇಲ್ಲ. ಹಳಿ ಹತ್ತಿರವೇ ಇದ್ದರೂ ಅವರು ನೆರೆಯವರ ಜೊತೆ ಹಣ ಕೂಡಿಸಿ ಬಾಡಿಗೆ ಜೀಪಿನಲ್ಲಿ ಹೋದರು. ಒಂದೆರಡು ತಿಂಗಳು ಹೋಗಲೇ ಇಲ್ಲ. ಔಷಧ ತಪ್ಪಿದ್ದರ ಫಲ ಅವರ ಕಾಲಿನಲ್ಲಿ ಇಂದಿಗೂ ಕಾಣುತ್ತದೆ. ಸೀಟು ಕಡ್ಡಾಯವಾದರೆ ಕೂರುವವನಿಗೆ ಸುಖ ಹೆಚ್ಚುತ್ತದೆ, ನಿಜ. ಆದರೆ ನಿಂತಾದರೂ ಹೋಗುತ್ತಿದ್ದವನು ಹೋಗದೇ ಉಳಿಯುತ್ತಾನೆ. ಈ ನಷ್ಟ ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಪುಣೆ ನಡುವೆ ವಂದೇ ಭಾರತ್ ಆರಂಭವಾಯಿತು. ಸುಂದರವಾದ ಗಾಡಿ, ನಮಗೂ ಅದರ ಬಗ್ಗೆ ಹೆಮ್ಮೆಯಿದೆ. ಎಲ್ಲವೂ ಕಾಯ್ದಿರಿಸಿದ ಸೀಟುಗಳೇ. ಆರಂಭದಲ್ಲಿ ಅದು ಬೆಳಗಾವಿ ಬಿಟ್ಟರೆ ನಿಲ್ಲುತ್ತಿದ್ದುದು ಮಿರಜ್‌ನಲ್ಲಿ. ಅಂದರೆ ರಾಯಬಾಗ, ಕುಡಚಿ, ಶೇಡಬಾಳದ ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದನ್ನು ನೋಡಬಹುದಿತ್ತು. ಫ್ರಾನ್ಸಿನಲ್ಲಿ 1981ರಲ್ಲಿ ಶುರುವಾದದ್ದು ಕೃಷ್ಣಾ ಸೇತುವೆಗೂ ಬಂದಿದೆ. ವೇಗ ಬರಲಿ, ಬೇಡವೆನ್ನುವವರು ಯಾರು? ಆದರೆ ಟಿಜಿವಿಯ ಪಕ್ಕದಲ್ಲೇ ಅವರು ಪ್ರಾದೇಶಿಕ ರೈಲನ್ನು ಉಳಿಸಿಕೊಂಡಿದ್ದಾರೆ ಎಂಬುದನ್ನು ನಾವು ಮರೆಯಬಾರದು. ನಮ್ಮ ಹುಡುಗ ಅಲ್ಲಿ ಹಣ ಉಳಿಸಿದ್ದು ಯಾವುದೋ ಜಾಣತನದಿಂದಲ್ಲ. ಅವನು ಹತ್ತಲು ಅಲ್ಲಿ ಒಂದು ನಿಧಾನದ ಗಾಡಿ ಇತ್ತು, ಅದಕ್ಕೆ.

ಯುರೋಪಿಗೆ ಹೊರಟ ಮಕ್ಕಳಿಗೆ ನಾವು ಹೇಳುವುದಿಷ್ಟು: ಪಾಸ್ ಕೊಳ್ಳುವ ಮುಂಚೆ ಸೀಟಿನ ಲೆಕ್ಕ ಹಾಕಿ. ಕಡ್ಡಾಯವಿಲ್ಲದ ಕಡೆ ಸೀಟು ಕೊಳ್ಳಬೇಡಿ, ರಾತ್ರಿಗೆ ಮಾತ್ರ ಕೊಳ್ಳಿ, ಅವಸರವಿಲ್ಲದಿದ್ದರೆ ನಿಧಾನದ ಗಾಡಿ ಹತ್ತಿ. ಊರಲ್ಲಿ ಉಳಿದ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು ಬೇರೆ. ಪ್ಯಾಸೆಂಜರ್ ಗಾಡಿಯನ್ನೂ ಜನರಲ್ ಡಬ್ಬಿಯನ್ನೂ ಕೇಳಿ ಉಳಿಸಿಕೊಳ್ಳಬೇಕು. ಅಬ್ಬಾ ತೀರಿಕೊಂಡ ಮೇಲೆ ಅವರ ಕೋಟಿನ ಒಳಜೇಬಿನಲ್ಲಿ ಅವಧಿ ಮುಗಿದ ಒಂದು ಪಾಸು ಸಿಕ್ಕಿತು. ಬೆವರಿಗೆ ಅಕ್ಷರ ಮಾಸಿದ್ದವು. ಅಮ್ಮಿ ಅದನ್ನು ಎಸೆಯಲು ಬಿಡಲಿಲ್ಲ. "ಆ ಪಾಸ್ ಮ್ಯಾಲೇ ನೀವು ಸಾಲಿ ಕಲತ್ರಿ" ಅಂದರು.